ಮೇಷ್ಟರು ರೂಪುಗೊಂಡ ಬಗೆ

ಸೆಪ್ಟೆಂಬರ್ 5 ಬಂತೆಂದರೆ ಊರೂರಿನ ಸಭೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಅಂಥ ಮೇಷ್ಟರು ಈಗೆಲ್ಲಿ?’ ಹಿರಿಯರ ಈ ಮಾತಿನ ಹಿಂದೆ ಒಂದು ಚಿತ್ರವಿದೆ. ಮಾಸಿದ ಕೋಟು, ತಲೆಗೆ ರುಮಾಲು ಇಲ್ಲವೇ ಟೋಪಿ, ಕಂಕುಳಲ್ಲೊಂದು ಛತ್ರಿ. ಕೈಗೆ ಬರುವ ಸಂಬಳ ಅಷ್ಟಕ್ಕಷ್ಟೆ. ಆದರೂ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತಂದು, ಸಂಜೆ ಶಾಲೆ ಬಿಟ್ಟ ಮೇಲೂ ಕಂದೀಲಿನ ಬೆಳಕಿನಲ್ಲಿ ಪಾಠ ಹೇಳಿ, ಊರಿನವರ ಕಾಗದ ಪತ್ರ ಬರೆದುಕೊಟ್ಟು ಬದುಕಿದ ಗೃಹಸ್ಥ. ಈ ಚಿತ್ರ ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಅಂಥವರು ತಾವಾಗಿಯೇ ಹುಟ್ಟಿ ಬಂದರೇ? ಅಥವಾ ಅವರನ್ನು ರೂಪಿಸಿದ ಏರ್ಪಾಡು ಯಾವುದಾದರೂ ಇತ್ತೇ? ಕನ್ನಡ ನಾಡಿನ ಶಾಲೆಗಳ ಇನ್ನೂರು ವರ್ಷದ ಚರಿತ್ರೆಯನ್ನು ಈ ಪ್ರಶ್ನೆಯೊಂದಿಗೆ ನೋಡಿದರೆ, ನಿಷ್ಠಾವಂತ ಶಿಕ್ಷಕರು ಎಲ್ಲಿಂದ ಬರುತ್ತಾರೆ, ಎಲ್ಲಿ ಕಳೆದುಹೋಗುತ್ತಾರೆ ಎಂಬುದು ತಕ್ಕಮಟ್ಟಿಗೆ ತಿಳಿಯುತ್ತದೆ.

ಕೂಲಿಮಠದ ದಿನಗಳು

ಮದರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ 1822ರಲ್ಲಿ ತನ್ನ ಆಡಳಿತದ ಎಲ್ಲ ಜಿಲ್ಲೆಗಳಲ್ಲೂ ಇದ್ದ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳಿಸಿದ ಉತ್ತರ ಇಂದಿಗೂ ಓದತಕ್ಕದ್ದು. ಸುಮಾರು 9 ಲಕ್ಷ 27 ಸಾವಿರ ಜನರಿದ್ದ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಓದುತ್ತಿದ್ದವರು 6,641 ಮಂದಿ. ಅಂದರೆ ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು, ಸಾವಿರ ಜನರಲ್ಲಿ ಓದುತ್ತಿದ್ದವರು ಸುಮಾರು ಏಳೇ ಮಂದಿ.

ಈ ಶಾಲೆಗಳನ್ನು ನಡೆಸುತ್ತಿದ್ದವರು ಸರ್ಕಾರಿ ನೌಕರರಲ್ಲ. ಮೈಸೂರು ಸೀಮೆಯಲ್ಲಿ ಇವಕ್ಕೆ ಕೂಲಿಮಠ ಎಂದು ಹೆಸರು; ಕರಾವಳಿಯಲ್ಲಿ ಐಗಳ ಮಠ. ಯಾರದೋ ಮನೆಯ ಜಗಲಿ ಅಥವಾ ಗುಡಿಯ ಪಡಸಾಲೆಯೇ ಶಾಲೆ. ಮಕ್ಕಳು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮಗ್ಗಿ, ಲೆಕ್ಕ, ಓಲೆ ಬರೆಯುವ ರೀತಿ, ಅಮರಕೋಶ, ಜೈಮಿನಿ ಭಾರತ ಇವೇ ಪಾಠಕ್ರಮ. ಮಠದ ಗುರುವಿಗೆ ಮಕ್ಕಳ ಮನೆಯಿಂದ ಬರುವ ಚಿಲ್ಲರೆ ಕಾಸು, ದವಸ, ತರಕಾರಿಯೇ ಸಂಬಳ. ನವರಾತ್ರಿ ಬಂದಾಗ ಮಕ್ಕಳನ್ನು ಸಿಂಗರಿಸಿ ಮನೆಮನೆಗೆ ಕರೆದೊಯ್ದು, ಮೈಸೂರು ಕಡೆ ಮಹಾನವಮಿಯ ಚೌಪದಿಗಳನ್ನೂ ಕರಾವಳಿಯಲ್ಲಿ ಹೂವಿನಕೋಲಿನ ಹಾಡುಗಳನ್ನೂ ಹೇಳಿಸುತ್ತಿದ್ದರು. ಆಗ ಸಿಕ್ಕುವ ಕಾಣಿಕೆಯೇ ಗುರುವಿನ ವರ್ಷದ ದೊಡ್ಡ ಆದಾಯ. ತಪ್ಪಿದ ಹುಡುಗನನ್ನು ತೊಲೆಗೆ ಕಟ್ಟಿದ ಹಗ್ಗಕ್ಕೆ ಜೋತುಬೀಳಿಸುವ ‘ಕೋದಂಡ’ದ ಶಿಕ್ಷೆಯೂ ಇದೇ ಮಠದ ಕೊಡುಗೆ.

ಕ್ಯಾಂಪ್‌ಬೆಲ್ ಈ ಶಾಲೆಗಳಲ್ಲಿ ಒಂದು ಗುಣ ಕಂಡ, ಒಂದು ದೋಷವನ್ನೂ ಕಂಡ. ಕಡಿಮೆ ಖರ್ಚಿನಲ್ಲಿ ಬರೆಯಲು ಕಲಿಸುವ ರೀತಿ, ಮುಂದಿನ ಹುಡುಗರು ಹಿಂದಿನವರಿಗೆ ಪಾಠ ಹೇಳಿಕೊಡುವ ಪದ್ಧತಿ ಅವನಿಗೆ ಬಹಳ ಹಿಡಿಸಿತು. ಇದೇ ಪದ್ಧತಿಯನ್ನು ಅದಕ್ಕೂ ಮುಂಚೆ ಮದರಾಸಿನಲ್ಲಿ ನೋಡಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇಂಗ್ಲೆಂಡಿಗೆ ಒಯ್ದು ‘ಮದರಾಸು ಪದ್ಧತಿ’ ಎಂದು ಪ್ರಚಾರ ಮಾಡಿದ್ದ. ದೋಷವೆಂದರೆ, ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಕಾವ್ಯಗಳ ಭಾಷೆ ಅವರ ಮನೆಮಾತಿನಿಂದ ದೂರವಾಗಿತ್ತು. ಎಷ್ಟೋ ಸಲ ಅದರ ಅರ್ಥ ಕಲಿಸುವವನಿಗೇ ತಿಳಿಯುತ್ತಿರಲಿಲ್ಲ. ಊರಿನ ಜನ ಬಡವಾದಂತೆ ಶಾಲೆಗಳೂ ಕ್ಷೀಣಿಸುತ್ತಿವೆ ಎಂಬುದನ್ನು ಆ ಅಧಿಕಾರಿ ತನ್ನ ವರದಿಯಲ್ಲಿ ಮರೆಮಾಚಲಿಲ್ಲ.

ಹೀಗೆ ಕೂಲಿಮಠದ ಗುರು ಶ್ರಮಜೀವಿಯಾಗಿದ್ದ. ಆದರೆ ಅವನಿಗೆ ಕಲಿಸುವುದನ್ನು ಯಾರೂ ಕಲಿಸಿರಲಿಲ್ಲ. ಅವನ ವಿದ್ಯೆ ಎಷ್ಟಿತ್ತೋ ಅಷ್ಟೇ ಮಕ್ಕಳಿಗೂ ದಕ್ಕುತ್ತಿತ್ತು. ಶಿಕ್ಷಕನನ್ನು ತಯಾರು ಮಾಡಬೇಕು ಎಂಬ ವಿಚಾರ ನಮ್ಮಲ್ಲಿ ಬೇರೂರಿದ್ದು 1854ರ ವುಡ್ ವರದಿಯ ನಂತರ. ಆ ವಿಚಾರಕ್ಕೆ ಕನ್ನಡದ ರೂಪ ಸಿಕ್ಕಿದ್ದು ಧಾರವಾಡದಲ್ಲಿ.

ಧಾರವಾಡದ ಪ್ರಯೋಗ

ಪೇಶ್ವೆಯರ ಆಳ್ವಿಕೆ 1818ರಲ್ಲಿ ಮುಗಿದು ಧಾರವಾಡ ಸೀಮೆ ಮುಂಬಯಿ ಸರ್ಕಾರಕ್ಕೆ ಸೇರಿದ ಮೇಲೂ ಕಚೇರಿ ಮತ್ತು ಶಾಲೆಗಳಲ್ಲಿ ಮರಾಠಿಯದೇ ಮೇಲುಗೈ. ಮನೆಯಲ್ಲಿ ಕನ್ನಡವಾಡುವ ಮಗು ಶಾಲೆಯಲ್ಲಿ ಮರಾಠಿಯಲ್ಲಿ ಓದಬೇಕಾಗಿತ್ತು. ಕನ್ನಡ ಶಾಲೆ ತೆರೆಯಬೇಕೆಂದರೆ ಕನ್ನಡದ ಪಠ್ಯಪುಸ್ತಕಗಳಿಲ್ಲ. ಪುಸ್ತಕ ಬರೆಸಿದರೂ ಅದನ್ನು ಪಾಠ ಮಾಡಬಲ್ಲ ಮಾಸ್ತರರಿಲ್ಲ.

ಈ ಗಂಟನ್ನು ಬಿಡಿಸಲು ಕೈಹಾಕಿದವರಲ್ಲಿ ಮುಖ್ಯರು ಧಾರವಾಡದ ಚನ್ನಬಸಪ್ಪನವರು (1834–1881). ಇಂಜಿನಿಯರ್ ಆಗಬೇಕೆಂದು ಪುಣೆಗೆ ಹೋಗಿದ್ದ ಅವರು ಕೊನೆಗೆ ಹಿಡಿದದ್ದು ಶಿಕ್ಷಕನ ದಾರಿ. 1850ರ ದಶಕದಲ್ಲಿ ಧಾರವಾಡದಲ್ಲಿ ಶಿಕ್ಷಕರನ್ನು ತಯಾರಿಸುವ ನಾರ್ಮಲ್ ಸ್ಕೂಲು ಆರಂಭವಾದಾಗ ಅದರ ಮುಖ್ಯಸ್ಥರಾದರು. 1860ರ ದಶಕದಲ್ಲಿ ಡೆಪ್ಯುಟಿ ಎಜುಕೇಶನಲ್ ಇನ್‌ಸ್ಪೆಕ್ಟರ್ ಆಗಿ ಊರೂರು ಸುತ್ತಿ ಕನ್ನಡ ಶಾಲೆಗಳನ್ನು ತೆರೆಯಿಸಿದರು. ಜನರ ಬಾಯಲ್ಲಿ ಅವರು ‘ಡೆಪ್ಯುಟಿ ಚನ್ನಬಸಪ್ಪ’ ಎಂದೇ ಉಳಿದದ್ದು ಈ ಹುದ್ದೆಯಿಂದ. ಇಂಗ್ಲಿಷ್ ಅಧಿಕಾರಿಗಳಲ್ಲಿ ಡಬ್ಲ್ಯೂ. ಎ. ರಸೆಲ್ ಅವರಿಗೆ ಬೆಂಬಲವಾಗಿ ನಿಂತರು.

ಚನ್ನಬಸಪ್ಪನವರಿಗೆ ಹೊಳೆದ ಮುಖ್ಯ ಸಂಗತಿಯೆಂದರೆ, ಶಾಲೆಯ ಫಲಕ ಹಾಕಿದ ಮಾತ್ರಕ್ಕೆ ಶಾಲೆಯಾಗುವುದಿಲ್ಲ ಎಂಬುದು. ಹಳ್ಳಿಯಲ್ಲಿ ಒಬ್ಬಂಟಿಯಾಗಿ ಕೂತು ಪಾಠ ಹೇಳುವ ಮಾಸ್ತರನಿಗೆ ಓದಲು ಏನಾದರೂ ಬೇಕು, ತನ್ನಂಥ ಇತರರು ಏನು ಮಾಡುತ್ತಿದ್ದಾರೆಂದು ತಿಳಿಯಬೇಕು. ಇದಕ್ಕಾಗಿ 1865ರಲ್ಲಿ ‘ಮಠಪತ್ರಿಕೆ’ ಹೊರಟಿತು. ಹೆಸರಿನಲ್ಲಿರುವ ‘ಮಠ’ ಶಾಲೆ ಎಂಬ ಹಳೆಯ ಅರ್ಥದ್ದು. ಶಿಕ್ಷಕರಿಗಾಗಿಯೇ ಕನ್ನಡದಲ್ಲಿ ಒಂದು ಪತ್ರಿಕೆ ಇರಬೇಕೆಂದು ನೂರೈವತ್ತು ವರ್ಷಕ್ಕೂ ಹಿಂದೆ ಯೋಚಿಸಿದ್ದು ಸಣ್ಣ ಸಂಗತಿಯಲ್ಲ. ಮುಂದೆ ಹೊರಬಂದ ‘ಜೀವನ ಶಿಕ್ಷಣ’ ಪತ್ರಿಕೆ ತನ್ನ ಮೂಲವನ್ನು ಇದರಲ್ಲೇ ಗುರುತಿಸಿಕೊಳ್ಳುತ್ತದೆ.

ನಾರ್ಮಲ್ ಸ್ಕೂಲು ಮುಂದೆ ಟ್ರೇನಿಂಗ್ ಕಾಲೇಜಾಯಿತು. ಮುಲ್ಕಿ ಪರೀಕ್ಷೆ ಪಾಸಾದ ಹಳ್ಳಿಯ ಹುಡುಗರು ಇಲ್ಲಿಗೆ ಬಂದು, ಭಾಷೆ, ಗಣಿತ, ಭೂಗೋಲದ ಜೊತೆಗೆ ಪಾಠ ಹೇಳುವ ಕ್ರಮವನ್ನೂ ಕಲಿತು ಊರಿಗೆ ಮರಳುತ್ತಿದ್ದರು. ಶಿಕ್ಷಣ ಇಲಾಖೆಯ ಸುತ್ತ ಆಗ ಸೇರಿದ್ದ ವಿದ್ವಾಂಸರ ಹೆಸರುಗಳನ್ನು ನೋಡಿದರೆ ಅದರ ಮಹತ್ವ ತಿಳಿಯುತ್ತದೆ. ಬಾಣನ ಕಾದಂಬರಿಯನ್ನು ಕನ್ನಡಕ್ಕೆ ತಂದ ಗಂಗಾಧರ ಮಡಿವಾಳೇಶ್ವರ ತುರಮರಿ, ಪಠ್ಯಪುಸ್ತಕಗಳನ್ನು ಬರೆದ ವೆಂಕಟ ರಂಗೋ ಕಟ್ಟಿ ಇಬ್ಬರೂ ಇದೇ ಇಲಾಖೆಯಲ್ಲಿ ದುಡಿದವರು. ಸ್ವತಃ ಚನ್ನಬಸಪ್ಪನವರು ಷೇಕ್ಸ್‌ಪಿಯರನ ನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ಯಾಗಿ ಕನ್ನಡಿಸಿದ್ದರು. ಮಾಸ್ತರನನ್ನು ತಿದ್ದುವವರೇ ಭಾಷೆಯನ್ನೂ ಕಟ್ಟುತ್ತಿದ್ದ ಕಾಲ ಅದು. ಮಕ್ಕಳಿಗೆ ಪಾಠ ಹೇಳುವುದೆಂದರೆ ವಿದ್ಯೆಯ ಕೆಲಸ ಎಂಬ ಹೆಮ್ಮೆ ಅಲ್ಲಿಂದ ಹೊರಟ ಮಾಸ್ತರರಿಗೂ ಅಂಟಿದ್ದರೆ ಆಶ್ಚರ್ಯವಿಲ್ಲ.

ಮೈಸೂರಿನ ಹೋಬಳಿ ಶಾಲೆ

ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆ ಆರಂಭವಾದದ್ದು 1857ರಲ್ಲಿ. ಮೊದಲು ತೆರೆದ ಶಾಲೆಗಳು ಪಟ್ಟಣಗಳಲ್ಲೇ ನಿಂತವು. ಅವನ್ನು ಹಳ್ಳಿಯ ಕಡೆ ತಿರುಗಿಸಿದ್ದು 1868ರ ಹೋಬಳಿ ಶಾಲೆಗಳ ಯೋಜನೆ. ಅದನ್ನು ಮುಂದಿಟ್ಟವರು ಬೆಂಜಮಿನ್ ಲೂಯಿ ರೈಸ್. ಶಾಸನಗಳ ಸಂಗ್ರಹಕಾರರೆಂದು ಪ್ರಸಿದ್ಧರಾದ ರೈಸ್ ವೃತ್ತಿಯಿಂದ ಶಿಕ್ಷಕರು. ಶಾಲೆಗಳ ತನಿಖೆಗೆಂದು ಸಂಸ್ಥಾನವನ್ನು ಸುತ್ತುವಾಗಲೇ ಅವರ ಕಣ್ಣು ಊರ ಮುಂದಿನ ಕಲ್ಬರಹಗಳ ಮೇಲೆ ಬಿದ್ದದ್ದು.

ಅವರ ಯೋಜನೆಯ ವಿವೇಕ ಶಿಕ್ಷಕರ ಆಯ್ಕೆಯಲ್ಲಿತ್ತು. ಹೋಬಳಿಯ ರೈತರು ಶಾಲೆ ಬೇಕೆಂದು ಕೇಳಿ ಕಟ್ಟಡ ಒದಗಿಸಿದರೆ ಸರ್ಕಾರ ಮೇಷ್ಟರನ್ನು ಕೊಡುತ್ತಿತ್ತು. ಆದರೆ ಮೇಷ್ಟರು ಎಲ್ಲಿಂದಲೋ ಬಂದವನಾಗಬಾರದು. ಆ ಭಾಗದಲ್ಲಿ ಆಗಲೇ ಕೂಲಿಮಠ ನಡೆಸುತ್ತಿದ್ದು ಜನರ ನಂಬಿಕೆ ಗಳಿಸಿದವನನ್ನೇ ಆರಿಸಿ, ನಾರ್ಮಲ್ ಶಾಲೆಗೆ ಕಳಿಸಿ, ಹೊಸ ರೀತಿಯ ಪಾಠ ಕಲಿಸಿ, ಅದೇ ಊರಿಗೆ ಹಿಂದಕ್ಕೆ ಕಳಿಸಬೇಕು. ಹಳೆಯ ಗುರುವಿನ ನಂಟು, ಹೊಸ ತರಬೇತಿಯ ತಿಳಿವಳಿಕೆ ಎರಡೂ ಒಬ್ಬನಲ್ಲೇ ಸೇರಲಿ ಎಂಬ ಆಲೋಚನೆ ಇದು. ಸಂಬಳ ಮಾತ್ರ ತಿಂಗಳಿಗೆ ಕೆಲವೇ ರೂಪಾಯಿ.

ಇಲ್ಲಿಂದಲೇ ನಮ್ಮ ಸಾರ್ವಜನಿಕ ಶಾಲೆಯ ಒಂದು ಹಳೆಯ ವಿರೋಧಾಭಾಸ ಶುರುವಾಗುತ್ತದೆ. ಊರಿನಲ್ಲಿ ಮೇಷ್ಟರಿಗೆ ಮರ್ಯಾದೆ ದೊಡ್ಡದು, ಕಚೇರಿಯಲ್ಲಿ ಸ್ಥಾನ ಚಿಕ್ಕದು. ಶ್ಯಾನುಭೋಗರಿಗಿದ್ದ ಅಧಿಕಾರ ಅವನಿಗಿಲ್ಲ, ಪಟೇಲರಿಗಿದ್ದ ಜಮೀನಿಲ್ಲ. ಎಷ್ಟೋ ಹಳ್ಳಿಗಳಲ್ಲಿ ಶಾಲೆಯ ಒಂದು ಮೂಲೆಯೇ ಅಂಚೆ ಕಚೇರಿ. ಚೂರುಪಾರು ಹೆಚ್ಚಿನ ಹಣಕ್ಕಾಗಿ ಮೇಷ್ಟರೇ ಪೋಸ್ಟ್ ಮಾಸ್ತರ್. ಬಂದ ಕಾಗದವನ್ನು ಓದಿ ಹೇಳುವವನೂ, ಉತ್ತರ ಬರೆದುಕೊಡುವವನೂ ಅವನೇ. ಸರ್ಕಾರ ಈ ಗೌರವವನ್ನೇ ಸಂಬಳದ ಒಂದು ಭಾಗವೆಂದು ಬಗೆದಂತೆ ತೋರುತ್ತದೆ.

ಪಾಠದಾಚೆಯ ಮೇಷ್ಟರು

ಆದರೂ ಈ ಸಣ್ಣ ಸಂಬಳದ ನೌಕರಿಯಲ್ಲಿದ್ದವರಿಂದ ಕನ್ನಡಕ್ಕೆ ಸಂದದ್ದು ಅಪಾರ. ತತ್ತ್ವಪದಗಳ ಶಿಶುನಾಳ ಶರೀಫರು ಕೆಲಕಾಲ ಹಳ್ಳಿಯ ಶಾಲೆಗಳಲ್ಲಿ ಮಾಸ್ತರರಾಗಿದ್ದವರು. ‘ಮುದ್ದಣ’ ಎಂದು ಹೆಸರಾದ ನಂದಳಿಕೆಯ ಲಕ್ಷ್ಮೀನಾರಣಪ್ಪ (1870–1901) ಉಡುಪಿ, ಕುಂದಾಪುರಗಳಲ್ಲಿ ಡ್ರಿಲ್ ಮೇಷ್ಟರು. ಹುಡುಗರಿಗೆ ಕವಾಯತು ಮಾಡಿಸಿ ಮನೆಗೆ ಬಂದು ‘ರಾಮಾಶ್ವಮೇಧ’ ಬರೆದವರು. ಅದು ತನ್ನದೆಂದು ಹೇಳಿಕೊಳ್ಳದೆ, ಹಳೆಯ ಕಾಲದ ಕೃತಿ ಎಂಬಂತೆ ಮೈಸೂರಿಗೆ ಕಳಿಸಿದರು. ಬಡತನ ಮತ್ತು ಕ್ಷಯ ಅವರನ್ನು ಮೂವತ್ತೊಂದರ ಆಸುಪಾಸಿನಲ್ಲೇ ಕೊಂಡೊಯ್ದವು. ದಕ್ಷಿಣ ಕನ್ನಡದಲ್ಲಿ ಶಾಲಾ ತನಿಖಾಧಿಕಾರಿಯಾಗಿದ್ದ ಪಂಜೆ ಮಂಗೇಶರಾಯರು ಮಕ್ಕಳ ಬಾಯಿಗೆ ಒಪ್ಪುವ ಪದ್ಯ, ಕತೆ, ಪಠ್ಯಗಳನ್ನು ಬರೆದರು. ಚಡಚಣದ ಸಿಂಪಿ ಲಿಂಗಣ್ಣ (1905–1993) ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದುಕೊಂಡೇ ಹಲಸಂಗಿಯ ಗೆಳೆಯರೊಂದಿಗೆ ಹೆಣ್ಣುಮಕ್ಕಳ ಬೀಸುವ ಕಲ್ಲಿನ ಹಾಡುಗಳನ್ನು ಸಂಗ್ರಹಿಸಿದರು. ‘ಗರತಿಯ ಹಾಡು’ ಬೆಳಕಿಗೆ ಬಂದದ್ದು ಹಾಗೆ.

ಇವರ ಹೆಸರು ಉಳಿದದ್ದು ಸಾಹಿತ್ಯದಿಂದ. ಹೆಸರು ಉಳಿಯದ ಸಾವಿರಾರು ಮಂದಿ ಇಂಥದೇ ಶಾಲೆಗಳಲ್ಲಿ ಸವೆದರು. ಆದರೆ ಒಂದು ಅಂಶ ಎಲ್ಲರಲ್ಲೂ ಸಮಾನ. ತಾನು ಕಲಿಸುವ ಭಾಷೆ, ತಾನು ಬದುಕುವ ಊರು, ತನ್ನೆದುರು ಕೂತ ಮಕ್ಕಳ ಮನೆಯ ಮಾತು ಇವನ್ನು ಬಲ್ಲವನೇ ಆ ಕಾಲದ ಒಳ್ಳೆಯ ಮೇಷ್ಟರು. ಅರ್ಥ ತಿಳಿಯದೆ ಬಾಯಿಪಾಠ ಮಾಡಿಸುವ ಮಠದಿಂದ ಇಲ್ಲಿಗೆ ಬಂದ ದೂರ ಕಡಿಮೆಯದಲ್ಲ.

ಬಾಗಿಲು ಯಾರಿಗೆ ತೆರೆದಿತ್ತು?

ಹಳೆಯ ಮೇಷ್ಟರನ್ನು ನೆನೆಯುವಾಗ ಅವರ ಮುಂದೆ ಯಾರು ಕೂತಿದ್ದರು ಎಂಬುದನ್ನೂ ಕೇಳಬೇಕು. ಕ್ಯಾಂಪ್‌ಬೆಲ್ ಲೆಕ್ಕದ 6,641 ಮಕ್ಕಳಲ್ಲಿ ಹುಡುಗಿಯರು ಅರವತ್ತೇ ಮಂದಿ. ದಲಿತರ ಮಕ್ಕಳಿಗೆ ಜಗಲಿಯೂ ದೂರವೇ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆಂದು ಶಾಲೆ ತೆರೆದಾಗ ಸ್ವಂತ ಜಾತಿಯವರ ಬಹಿಷ್ಕಾರವನ್ನು ಎದುರಿಸಬೇಕಾಯಿತು. ಮೈಸೂರಿನಲ್ಲಿ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಸಿ. ಆರ್. ರೆಡ್ಡಿಯವರು ಸರ್ಕಾರಿ ಶಾಲೆ ಎಲ್ಲ ಜಾತಿಯ ಮಕ್ಕಳಿಗೂ ತೆರೆದದ್ದೆಂದು ಆಜ್ಞೆ ಹೊರಡಿಸಿದಾಗ ಎದ್ದ ಗಲಾಟೆ ಸಣ್ಣದಲ್ಲ. ತಮ್ಮ ಮಕ್ಕಳನ್ನು ಶಾಲೆ ಬಿಡಿಸಿದವರಿದ್ದರು, ಪತ್ರಿಕೆಗಳಲ್ಲಿ ಖಂಡಿಸಿದವರಿದ್ದರು. ಆಜ್ಞೆ ಬೆಂಗಳೂರಿನಿಂದ ಬಂದರೂ, ಅದನ್ನು ಹಳ್ಳಿಯಲ್ಲಿ ನಡೆಸಬೇಕಾದವನು ಒಬ್ಬಂಟಿ ಮೇಷ್ಟರು. ಕೆಲವರು ಮಕ್ಕಳನ್ನು ಒಳಗೆ ಕೂರಿಸಿದರು, ಕೆಲವರು ಬಾಗಿಲ ಹೊರಗೇ ನಿಲ್ಲಿಸಿದರು. ಮೇಷ್ಟರ ಗುಣವನ್ನು ಅಳೆಯಲು ಇದಕ್ಕಿಂತ ಕಠಿಣವಾದ ಪರೀಕ್ಷೆ ಇರಲಿಲ್ಲ. ಅದರಲ್ಲಿ ಎಲ್ಲರೂ ತೇರ್ಗಡೆಯಾಗಲಿಲ್ಲ.

ಹೆಣ್ಣುಮಕ್ಕಳ ಶಿಕ್ಷಣಕ್ಕೆ 1881ರಲ್ಲಿ ಮೈಸೂರಿನಲ್ಲಿ ಆರಂಭವಾದ ಮಹಾರಾಣಿ ಬಾಲಿಕಾ ಪಾಠಶಾಲೆ ದಾರಿ ಮಾಡಿತು. ಅಲ್ಲಿ ಓದಿದ ಹೆಣ್ಣುಮಕ್ಕಳೇ ಮುಂದೆ ಉಪಾಧ್ಯಾಯಿನಿಯರಾದರು. ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡವರಿಗೆ ಅಡುಗೆಮನೆಯ ಕತ್ತಲಿಂದ ಹೊರಬರಲು ಸಿಕ್ಕಿದ ಮೊದಲ ಗೌರವದ ದಾರಿ ಶಾಲೆಯ ನೌಕರಿ.

ಸಂಖ್ಯೆ ಬೆಳೆದಾಗ

ಮೈಸೂರಿನಲ್ಲಿ 1913ರಲ್ಲಿ ಬಂದ ಪ್ರಾಥಮಿಕ ಶಿಕ್ಷಣದ ಕಾನೂನು ಗೊತ್ತುಪಡಿಸಿದ ಪ್ರದೇಶಗಳಲ್ಲಿ ಶಿಕ್ಷಣವನ್ನು ಕಡ್ಡಾಯ ಮಾಡಿತು. ಸ್ವಾತಂತ್ರ್ಯಾನಂತರ ಸಂವಿಧಾನವೇ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳ ಶಿಕ್ಷಣವನ್ನು ಸರ್ಕಾರದ ಗುರಿಯೆಂದು ಸಾರಿತು. 1956ರಲ್ಲಿ ರಾಜ್ಯ ಒಂದಾದಾಗ ಐದು ಆಡಳಿತಗಳ ಐದು ಬಗೆಯ ಶಾಲೆಗಳನ್ನು ಹೊಂದಿಸಬೇಕಾಯಿತು. ನಿಜಾಮರ ಕಾಲದಲ್ಲಿ ಉರ್ದುವೇ ಮುಖ್ಯವಾಗಿದ್ದ ಕಲಬುರಗಿ, ರಾಯಚೂರು, ಬೀದರ ಭಾಗದಲ್ಲಿ ಕನ್ನಡದಲ್ಲಿ ಕಲಿಸಬಲ್ಲವರ ಕೊರತೆ ಬಹುಕಾಲ ಕಾಡಿತು. ಒಂದು ಕಡೆ ತರಬೇತಿಯ ಪರಂಪರೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಶಾಲೆಗಳು ಹೆಚ್ಚಿದವು. ಹಿಂದೆ ಶಾಲೆಯ ಮೆಟ್ಟಿಲು ಹತ್ತದಿದ್ದ ಮನೆಗಳ ಮಕ್ಕಳು ಮೊದಲ ಬಾರಿಗೆ ಬಂದರು. ಶಿಕ್ಷಕನ ಕೆಲಸ ಸುಲಭವಾಗಲಿಲ್ಲ, ಕಷ್ಟವಾಯಿತು. ಮನೆಯಲ್ಲಿ ಪುಸ್ತಕವಿರುವ ಹನ್ನೆರಡು ಹುಡುಗರಿಗೆ ಕಲಿಸುವುದು ಬೇರೆ. ಅಕ್ಷರವನ್ನೇ ಕಾಣದ ಮನೆಗಳ ನಲವತ್ತು ಮಕ್ಕಳಿಗೆ, ನಾಲ್ಕು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸುವುದು ಬೇರೆ. ‘ಅಂಥ ಮೇಷ್ಟರು ಈಗೆಲ್ಲಿ’ ಎನ್ನುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ. 1987ರಲ್ಲಿ ಬಂದ ಕೇಂದ್ರದ ‘ಕರಿಹಲಗೆ ಕಾರ್ಯಾಚರಣೆ’ ಯೋಜನೆಯ ಗುರಿ, ಪ್ರತಿ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು ಎಂಬುದಾಗಿತ್ತು. ಸ್ವಾತಂತ್ರ್ಯ ಬಂದು ನಲವತ್ತು ವರ್ಷವಾದ ಮೇಲೂ ಅದನ್ನು ಗುರಿಯಾಗಿ ಇಟ್ಟುಕೊಳ್ಳಬೇಕಾಯಿತು ಎಂಬುದೇ ಮೇಷ್ಟರ ಸ್ಥಿತಿಯನ್ನು ಹೇಳುತ್ತದೆ.

ಹೆಗ್ಗಡದೇವನಕೋಟೆಯ ಪಾಠ

ಇಂಥ ಸ್ಥಿತಿಯಲ್ಲೇ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಒಂದು ಪ್ರಯೋಗ ನಡೆಯಿತು. ಕಾಡಂಚಿನ ಹಾಡಿಗಳ, ಸಣ್ಣ ಸಣ್ಣ ಊರುಗಳ ತಾಲ್ಲೂಕು ಅದು. ಅಲ್ಲಿನ ಸರ್ಕಾರಿ ಶಾಲೆಯ ಕೆಲವು ಶಿಕ್ಷಕರು ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ರಿಷಿವ್ಯಾಲಿಗೆ ಹೋಗಿ, ಒಬ್ಬನೇ ಶಿಕ್ಷಕ ಹಲವು ತರಗತಿಗಳ ಮಕ್ಕಳಿಗೆ ಒಟ್ಟಿಗೆ ಕಲಿಸುವ ರೀತಿಯನ್ನು ನೋಡಿ ಬಂದರು. ಯುನಿಸೆಫ್ ನೆರವು ಇತ್ತು. ಆದರೆ ಪಾಠವನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದು, ಕಾರ್ಡುಗಳನ್ನು ಬರೆದು, ಹಾಡು, ಆಟ, ಕತೆಗಳನ್ನು ಸೇರಿಸಿ ಕನ್ನಡದ ಮಕ್ಕಳಿಗೆ ಹೊಂದಿಸಿದವರು ಅದೇ ಶಿಕ್ಷಕರು. ಅದೇ ‘ನಲಿ–ಕಲಿ’.

ನಲಿ–ಕಲಿ ತರಗತಿಯಲ್ಲಿ ಮಕ್ಕಳು ಸಾಲಾಗಿ ಕೂರುವುದಿಲ್ಲ, ಗುಂಪಾಗಿ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ನೆರವು ಬೇಕು. ಇನ್ನೊಂದು ಗುಂಪಿನಲ್ಲಿ ಬಲ್ಲ ಮಗು ಅರಿಯದ ಮಗುವಿಗೆ ಹೇಳಿಕೊಡುತ್ತದೆ. ಮತ್ತೊಂದು ಗುಂಪು ತಾನೇ ಕಲಿಯುತ್ತದೆ. ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲೇರುತ್ತದೆ. ನಾಲ್ಕು ದಿನ ಜ್ವರ ಬಂದು ಶಾಲೆ ತಪ್ಪಿಸಿದ ಮಗು ಬಿಟ್ಟಲ್ಲಿಂದಲೇ ಮುಂದುವರಿಯಬಹುದು. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಜಗಲಿಯ ಶಾಲೆಯಲ್ಲಿ ಮೆಚ್ಚಿದ್ದ ಗುಣ ಇಲ್ಲಿ ಮತ್ತೆ ಕಾಣಿಸಿತು. ಅವನು ಕಂಡ ದೋಷ, ಅಂದರೆ ಅರ್ಥವಿಲ್ಲದ ಬಾಯಿಪಾಠ, ಇಲ್ಲಿ ಇರಲಿಲ್ಲ.

2009–10ರ ವೇಳೆಗೆ ಇದನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆಲ್ಲ ವಿಸ್ತರಿಸಲಾಯಿತು. ಆಗ ಹಳೆಯ ಪ್ರಶ್ನೆ ಮತ್ತೆ ಎದುರಾಯಿತು. ತಾನೇ ಯೋಚಿಸಿ ಕಾರ್ಡು ಬರೆದ ಶಿಕ್ಷಕನಿಗೆ ಅದು ತನ್ನ ಕೆಲಸ. ಮೇಲಿನಿಂದ ಬಂದ ಕಾರ್ಡಿನ ಪೆಟ್ಟಿಗೆಯನ್ನು ಸುತ್ತೋಲೆಯ ಜೊತೆ ಪಡೆದವನಿಗೆ ಅದು ಇಲಾಖೆಯ ಕೆಲಸ. ವಿಧಾನ ಒಂದೇ ಆದರೂ ತರಗತಿಯಲ್ಲಿ ಅದರ ಜೀವ ಬೇರೆಬೇರೆ.

ನಿಷ್ಠೆಗೆ ಬೇಕಾದ ನೆಲ

2009ರ ಶಿಕ್ಷಣ ಹಕ್ಕಿನ ಕಾಯಿದೆ, ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಹೇಳುತ್ತದೆ. ಆದರೂ ಬಿಸಿಯೂಟದ ಲೆಕ್ಕ, ಸಮವಸ್ತ್ರದ ಲೆಕ್ಕ, ದಿನಕ್ಕೊಂದು ಅಂಕಿಅಂಶದ ಬೇಡಿಕೆ ಮುಖ್ಯೋಪಾಧ್ಯಾಯರ ಬೆಳಗನ್ನು ನುಂಗುತ್ತವೆ. ಖಾಲಿ ಹುದ್ದೆಗಳನ್ನು ಕಡಿಮೆ ಗೌರವಧನದ ಅತಿಥಿ ಶಿಕ್ಷಕರು ತುಂಬುತ್ತಾರೆ. ಒಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಅವರು ಸಭೆಗೆ ಹೋದ ದಿನ ಶಾಲೆಗೇ ರಜೆ. ಕರ್ತವ್ಯಕ್ಕೆ ಚಕ್ಕರ್ ಹೊಡೆಯುವವರೂ ಇಲ್ಲದಿಲ್ಲ. ಅವರ ಹೊರೆಯೂ ನಿಷ್ಠೆಯುಳ್ಳವರ ಹೆಗಲಿಗೇ ಬೀಳುತ್ತದೆ. ಬಲವುಳ್ಳವರು ತಮ್ಮ ಮಕ್ಕಳನ್ನು ಬೇರೆಡೆಗೆ ಸೇರಿಸಿದ ಮೇಲೆ ಈ ಶಾಲೆಗಳ ಪರವಾಗಿ ಜೋರಾಗಿ ಮಾತಾಡುವವರೂ ಕಡಿಮೆಯಾದರು.

ಇನ್ನೂರು ವರ್ಷದ ಈ ಕಥೆಯಲ್ಲಿ ಒಳ್ಳೆಯ ಮೇಷ್ಟರು ಕಾಣಿಸಿಕೊಂಡ ಕಡೆಯೆಲ್ಲ ಕೆಲವು ಸಂಗತಿಗಳು ಒಟ್ಟಿಗೆ ಇದ್ದವು. ಕಲಿಸುವುದನ್ನು ಕಲಿಸುವ ಗಟ್ಟಿಯಾದ ತರಬೇತಿ, ಓದಿ ಬೆಳೆಯಲು ಪತ್ರಿಕೆ ಪುಸ್ತಕ, ತಿಳಿದ ಮೇಲಧಿಕಾರಿ, ತನ್ನದೆನ್ನುವ ಊರು, ತನ್ನ ಪಾಠವನ್ನು ತಾನೇ ರೂಪಿಸುವ ಸ್ವಾತಂತ್ರ್ಯ. ಧಾರವಾಡದ ಟ್ರೇನಿಂಗ್ ಕಾಲೇಜು ಕೊಟ್ಟದ್ದು ಇದನ್ನೇ, ಹೆಗ್ಗಡದೇವನಕೋಟೆಯ ಶಿಕ್ಷಕರು ಪಡೆದದ್ದೂ ಇದನ್ನೇ. ಇವಿಲ್ಲದ ಕಡೆಯೂ ತಮ್ಮ ಸತ್ವದಿಂದಲೇ ದುಡಿದವರಿದ್ದಾರೆ, ಈಗಲೂ ಇದ್ದಾರೆ. ಆದರೆ ಮುದ್ದಣನಂಥ ಡ್ರಿಲ್ ಮೇಷ್ಟರ ಪ್ರತಿಭೆಯನ್ನು ಕೊಂಡಾಡುವಾಗ ಅವರ ಬಡತನವನ್ನೂ ಅದರ ಜೊತೆಗೇ ಹೊಗಳುವುದು ನ್ಯಾಯವಲ್ಲ. ವರ್ಷಕ್ಕೊಮ್ಮೆ ಶಾಲು ಹೊದಿಸಿ ಹಾರ ಹಾಕಿದರೆ ಮೇಷ್ಟರ ಋಣ ತೀರುವುದಿಲ್ಲ. ಸೆಪ್ಟೆಂಬರ್ 6ರ ಬೆಳಿಗ್ಗೆ ಅವರು ಶಾಲೆಯ ಬೀಗ ತೆಗೆದಾಗ, ಪಾಠ ಮಾಡಲು ಅವರಿಗೆ ಪೂರ್ತಿ ದಿನ ಸಿಗುತ್ತದೆಯೇ, ಪಕ್ಕದ ಕೋಣೆಯಲ್ಲಿ ಇನ್ನೊಬ್ಬ ಶಿಕ್ಷಕರಿದ್ದಾರೆಯೇ ಎಂಬುದನ್ನು ಊರು ವಿಚಾರಿಸಬೇಕು.